ಪೇಟೆಯ ಬೀದಿ ಯಾರದು?





ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಶುಕ್ರವಾರ ಜುಮಾ ನಮಾಜ್ ಮುಗಿದು ಜನ ಚದುರಿದ ಮೇಲೆ, ಕಾರವಾರ ಪೇಟೆಯಲ್ಲಿ ಅಂಗಡಿ ಇರುವ ನಮ್ಮ ಪರಿಚಯದ ಒಬ್ಬರು ಬಂದು ಪಕ್ಕದಲ್ಲಿ ಕುಳಿತರು. ಅಜ್ಜನ ಕಾಲದ ಅಂಗಡಿ. ಐದು ಹೊತ್ತಿನ ನಮಾಜ್ ಬಿಡುವವರಲ್ಲ, ಝಕಾತ್ ಲೆಕ್ಕ ಹಾಕಿಯೇ ಕೊಡುವವರು. ಸ್ವಲ್ಪ ಹೊತ್ತು ಸುಮ್ಮನಿದ್ದು ಆಮೇಲೆ ಕೇಳಿದರು: "ಹಜ್ರತ್, ನಮ್ಮ ಅಂಗಡಿ ಮುಂದಿನ ಫುಟ್‌ಪಾತಿನಲ್ಲಿ ಅಂಕೋಲೆ ಕಡೆಯ ಒಬ್ಬ ಹಾಲಕ್ಕಿ ಅಜ್ಜಿ ತರಕಾರಿ ಮಾರುತ್ತಾಳೆ. ದಿನಕ್ಕೆ ಐವತ್ತು ರೂಪಾಯಿ ಕೊಡುತ್ತಾಳೆ. ನಮ್ಮ ಅಪ್ಪನೂ ತೆಗೆದುಕೊಳ್ಳುತ್ತಿದ್ದರು. ಈಗ ಮಗ ಹೇಳುತ್ತಾನೆ, ನೂರು ಮಾಡೋಣ, ಇಲ್ಲವಾದರೆ ಎಬ್ಬಿಸೋಣ ಎಂದು. ಈ ಹಣ ಹಲಾಲೋ ಅಲ್ಲವೋ?"

ತಕ್ಷಣ ಉತ್ತರ ಹೇಳಲು ನಮಗೆ ನಾಲಿಗೆ ಬರಲಿಲ್ಲ. ಅದಕ್ಕೊಂದು ಕಾರಣವಿತ್ತು. ಹಲವು ವರ್ಷಗಳ ಹಿಂದೆ, ಇಮಾಮತ್‌ಗೆ ಹೊಸಬರಾಗಿದ್ದಾಗ, ನಾವಿದ್ದ ಮಸೀದಿಯ ಗೇಟಿನ ಪಕ್ಕದಲ್ಲಿ ಬಾಂಗಡೆ ಬುಟ್ಟಿ ಇಟ್ಟು ಕೂರುತ್ತಿದ್ದ ಒಬ್ಬ ಮೀನುಗಾರ ಹೆಂಗಸನ್ನು ನಾವೇ ಎಬ್ಬಿಸಿದ್ದೆವು. ಜುಮಾ ದಿನ ಬೈಕ್ ನಿಲ್ಲಿಸಲು ಜಾಗ ಸಾಲದು, ಮೀನಿನ ನೀರು ಹರಿಯುತ್ತದೆ ಎಂಬುದು ನಮ್ಮ ವಾದ. ಅವಳು ಒಂದು ಮಾತೂ ಆಡದೆ ಬುಟ್ಟಿ ಎತ್ತಿ ತಲೆಯ ಮೇಲಿಟ್ಟುಕೊಂಡು ಹೋದಳು. ಆ ರಸ್ತೆ ಮಸೀದಿಯದ್ದಾಗಿರಲಿಲ್ಲ. ಅದು ನಮ್ಮ ತಲೆಗೆ ಹೊಳೆದದ್ದು ಎಷ್ಟೋ ವರ್ಷಗಳ ಮೇಲೆ.

ಆದ್ದರಿಂದ ಆ ಸಹೋದರರಿಗೆ, "ಒಂದು ವಾರ ಬಿಟ್ಟು ಬನ್ನಿ" ಎಂದೆವು. ಆ ವಾರ ಒಂದು ಕಡೆ ಮದ್ರಸಾದಲ್ಲಿ ಓದಿದ ಫಿಕ್ಹ್ ಕಿತಾಬುಗಳನ್ನು ತೆರೆದೆವು, ಇನ್ನೊಂದು ಕಡೆ ಬಿ.ಎ. ಓದುವಾಗ ಕಂಡಿದ್ದ ಬಾಂಬೆ ಗೆಜೆಟಿಯರಿನ ಕೆನರಾ ಸಂಪುಟವನ್ನು. ಬೀದಿ ಯಾರದು ಎಂದು ತಿಳಿಯಬೇಕಾದರೆ ಪೇಟೆ ಹೇಗೆ ಬಂತು ಎಂದು ತಿಳಿಯಬೇಕು. ಓದಿ ಕಂಡುಕೊಂಡದ್ದನ್ನು ಆಮೇಲಿನ ಎರಡು ಖುತ್ಬಾಗಳಲ್ಲಿ ಹೇಳಿದೆವು. ಅದರ ಸಾರ ಇಲ್ಲಿದೆ.

ಕಾರವಾರಕ್ಕಿಂತ ಮೊದಲಿನ ಕಾರವಾರ

ನಮ್ಮ ಕರಾವಳಿಯಲ್ಲಿ ವ್ಯಾಪಾರ ಹೊಸದಲ್ಲ. 14ನೇ ಶತಮಾನದಲ್ಲಿ ಹೊನ್ನಾವರಕ್ಕೆ ಬಂದ ಪ್ರವಾಸಿ ಇಬ್ನ್ ಬತೂತಾ, ಅಲ್ಲಿನ ಜನರ ಜೀವನ ಸಮುದ್ರ ವ್ಯಾಪಾರದ ಮೇಲೆ ನಿಂತಿದೆ ಎಂದು ಬರೆದಿದ್ದಾನೆ. ಗಂಡು ಮಕ್ಕಳಿಗೆ 23, ಹೆಣ್ಣು ಮಕ್ಕಳಿಗೆ 13 ಶಾಲೆಗಳನ್ನು ಅಲ್ಲಿ ಕಂಡದ್ದಾಗಿಯೂ ದಾಖಲಿಸಿದ್ದಾನೆ. ಹಡಗಿನ ಸಂಪಾದನೆ ಹೆಣ್ಣು ಮಕ್ಕಳ ಓದಿನವರೆಗೂ ತಲುಪಿತ್ತು ಎಂಬುದನ್ನು ನಾವು ಮರೆಯಬಾರದು.

ಕಾಳಿ ನದಿಯ ದಂಡೆಯ ಹಳೆಯ ಕಾರವಾರ ಇಂದಿನ ಪೇಟೆಯಿಂದ ಪೂರ್ವಕ್ಕೆ, ಕಡವಾಡದ ಕಡೆಗಿತ್ತು. 1638ರಲ್ಲಿ ವಿಲಿಯಂ ಕೋರ್ಟೀನ್ ಎಂಬ ಇಂಗ್ಲಿಷ್ ವರ್ತಕನ ಮಂಡಳಿ ಅಲ್ಲಿ ಕೋಠಿ ತೆರೆಯಿತು. ಘಟ್ಟದ ಕಾಳುಮೆಣಸು, ಹುಬ್ಬಳ್ಳಿ ಸೀಮೆಯ ನೇಯ್ಗೆ ಬಟ್ಟೆ ಇಲ್ಲಿಂದ ಹಡಗು ಹತ್ತುತ್ತಿದ್ದವು. ಆಗ ಈ ಭಾಗ ಬಿಜಾಪುರದ ಆದಿಲ್‌ಶಾಹಿಗಳ ಕೈಯಲ್ಲಿತ್ತು. 1665ರಲ್ಲಿ ಶಿವಾಜಿಯ ಸೈನ್ಯ ಊರಿನ ಹೊರಗೆ ಬಂದು ನಿಂತಾಗ, ಬಿಜಾಪುರದ ಕಡೆಯ ಅಧಿಕಾರಿ ಶೇರ್ ಖಾನ್ ಮತ್ತು ವ್ಯಾಪಾರಿಗಳು ಸೇರಿ ಹಣ ಕೂಡಿಸಿ ಊರನ್ನು ಉಳಿಸಿಕೊಂಡರು. ಇಂಗ್ಲಿಷ್ ಕೋಠಿಯ ಪಾಲು 112 ಪೌಂಡ್ ಎಂದು ಅವರ ಲೆಕ್ಕದಲ್ಲಿದೆ. ಯಾವ ಧರ್ಮದ ವ್ಯಾಪಾರಿ ಎಷ್ಟು ಕೊಟ್ಟ ಎಂದು ಯಾರೂ ಜಗಳವಾಡಿದಂತೆ ಕಾಣುವುದಿಲ್ಲ. ಪೇಟೆ ಸುಟ್ಟರೆ ಎಲ್ಲರದ್ದೂ ಸುಡುತ್ತದೆ ಎಂಬುದು ಅವರಿಗೆ ತಿಳಿದಿತ್ತು.

ಹತ್ತಿ ಕಟ್ಟಿದ ಪೇಟೆ

ಈಗಿನ ಕಾರವಾರ ಪೇಟೆಯ ಆಯುಷ್ಯ ಸುಮಾರು 160 ವರ್ಷ. ಅದಕ್ಕೆ ಮೊದಲು ಇದು ಮೀನುಗಾರರ ಹಳ್ಳಿ. ಅದು ಪಟ್ಟಣವಾದದ್ದಕ್ಕೆ ಸಾವಿರಾರು ಮೈಲಿ ದೂರದ ಯುದ್ಧವೊಂದು ಕಾರಣ. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಆರಂಭವಾಗಿ ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿನ ಹತ್ತಿ ಬರುವುದು ನಿಂತಿತು. ಧಾರವಾಡ ಸೀಮೆಯ ಹತ್ತಿಯ ಮೇಲೆ ಎಲ್ಲರ ಕಣ್ಣು ಬಿತ್ತು. ಆ ಹತ್ತಿಯನ್ನು ಘಟ್ಟ ಇಳಿಸಿ ಹಡಗಿಗೆ ತುಂಬಲು ಬೈತಖೋಲದಂಥ ಮರೆಯಾದ ಬಂದರು ಬೇಕಿತ್ತು. ಕೆನರಾ ಜಿಲ್ಲೆ ಮದ್ರಾಸ್ ಆಡಳಿತದಲ್ಲಿದ್ದರೆ ಕೆಲಸ ಬೇಗ ಆಗುವುದಿಲ್ಲ ಎಂದು ಮುಂಬಯಿಯ ವರ್ತಕರೂ ಇಂಗ್ಲೆಂಡಿನ ಗಿರಣಿ ಮಾಲೀಕರೂ ಒತ್ತಾಯ ತಂದರು. 1862ರಲ್ಲಿ ಉತ್ತರ ಕೆನರಾ ಮುಂಬಯಿ ಪ್ರಾಂತಕ್ಕೆ ಸೇರಿತು, ಕಾರವಾರ ಜಿಲ್ಲಾ ಕೇಂದ್ರವಾಯಿತು. ಘಟ್ಟದ ರಸ್ತೆಗಳು ಸುಧಾರಿಸಿದವು, ಎತ್ತಿನ ಗಾಡಿಗಳ ಸಾಲು ಇಳಿಯಿತು. ಕಚೇರಿ ಬಂತು, ನ್ಯಾಯಾಲಯ ಬಂತು, ಅವುಗಳ ಹಿಂದೆ ಅಂಗಡಿ ಬಂದವು. ಕವಿ ರವೀಂದ್ರನಾಥ ಠಾಗೋರರು ಯುವಕರಾಗಿದ್ದಾಗ 1883ರಲ್ಲಿ ಕಾರವಾರದಲ್ಲಿ ತಂಗಿದ್ದು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಯಲ್ಲಿಯೇ.

ಆದರೆ ಯುದ್ಧ ನಿಂತಾಗ ಹತ್ತಿಯ ಭರಾಟೆಯೂ ಇಳಿಯಿತು. ಕಾರವಾರಕ್ಕೆ ಬರುತ್ತದೆಂದು ನಂಬಿದ್ದ ರೈಲು ಬರಲೇ ಇಲ್ಲ. ಅದು ಪೋರ್ಚುಗೀಸರ ಗೋವೆಯ ಮಾರ್ಮಗೋವಾ ಬಂದರಿಗೆ ಹೋಯಿತು. 1888ರ ಹೊತ್ತಿಗೆ ಆ ದಾರಿ ಪೂರ್ಣವಾದ ಮೇಲೆ ಘಟ್ಟದ ಮೇಲಿನ ಸರಕು ಅತ್ತ ತಿರುಗಿತು. ಹುಬ್ಬಳ್ಳಿಯಿಂದ ಅಂಕೋಲೆಗೆ ರೈಲು ಎಂಬ ಮಾತು ಇಂದಿಗೂ ಮಾತಾಗಿಯೇ ಉಳಿದಿದೆ. ಸಹೋದರರೇ, ಇದರಲ್ಲಿ ನಮಗೊಂದು ಪಾಠವಿದೆ. ನಮ್ಮ ಅಂಗಡಿ ನಮ್ಮ ಜಾಣತನದಿಂದ ಮಾತ್ರ ನಡೆಯುತ್ತಿದೆ ಎಂದು ಅನ್ನಿಸುತ್ತದೆ. ಆದರೆ ದೂರದ ಯುದ್ಧ ಪೇಟೆಯನ್ನು ಕಟ್ಟಿತು, ದೂರದ ರೈಲು ಅದನ್ನು ಬಡವಾಗಿಸಿತು. ರಿಝ್ಕ್ ಕೊಡುವವನು ಅಲ್ಲಾಹನು. ಗಲ್ಲಾ ಪೆಟ್ಟಿಗೆಯ ಬೀಗದ ಕೈ ಮಾತ್ರ ನಮ್ಮಲ್ಲಿದೆ.

ಮುನ್ಸಿಪಾಲಿಟಿ ಮತ್ತು ಅಂಗಡಿಕಾರ

ಪಟ್ಟಣವಾದ ಮೇಲೆ ಕಾರವಾರಕ್ಕೆ ಮುನ್ಸಿಪಾಲಿಟಿ ಬಂತು. ಮೊದಮೊದಲು ಅದರ ಸದಸ್ಯರನ್ನು ಸರ್ಕಾರವೇ ನೇಮಿಸುತ್ತಿತ್ತು. 1882ರಲ್ಲಿ ವೈಸರಾಯ್ ಲಾರ್ಡ್ ರಿಪ್ಪನ್ ಸ್ಥಳೀಯ ಆಡಳಿತ ಜನರ ಕೈಗೆ ಹೋಗಬೇಕೆಂದು ನಿರ್ಣಯ ಹೊರಡಿಸಿದ. 1884ರ ಮುಂಬಯಿ ಕಾಯ್ದೆಯ ಮೇಲೆ ಸದಸ್ಯರಲ್ಲಿ ಒಂದು ಭಾಗ ಚುನಾಯಿತರಾಗತೊಡಗಿದರು. ಆದರೆ ಮತ ಇದ್ದದ್ದು ಆಸ್ತಿ ಇದ್ದವರಿಗೆ, ತೆರಿಗೆ ಕಟ್ಟುವವರಿಗೆ, ಓದಿದವರಿಗೆ. ಮಾಳಿಗೆ ಇದ್ದವನಿಗೆ ಮತ ಸಿಕ್ಕಿತು. ಮಾಳಿಗೆಯ ಮುಂದೆ ಬುಟ್ಟಿ ಇಟ್ಟವಳಿಗೆ ಸಿಗಲಿಲ್ಲ. ಅವಳಿಂದ ಸಂತೆ ಕರ ಮಾತ್ರ ವಸೂಲಾಯಿತು. ಪೇಟೆಯ ಬೀದಿಯ ಬಗ್ಗೆ ಅಂಗಡಿಕಾರರೇ ತೀರ್ಮಾನ ಮಾಡುವ ರೂಢಿ ಬಂದದ್ದು ಹೀಗೆ. ಅಂಗಡಿ ಮುಂದಿನ ಜಾಗವೂ ಅಂಗಡಿಯದ್ದೇ ಎಂಬ ಭಾವನೆ ಎಷ್ಟು ಹಳೆಯದೆಂದು ಇದರಿಂದ ತಿಳಿಯುತ್ತದೆ.

ಹೊರಗಿನ ಸರಕು ಊರೊಳಗೆ ಬರುವಾಗ ನಾಕಾದಲ್ಲಿ ಆಕ್ಟ್ರಾಯ್ ಕಟ್ಟುವ ಪದ್ಧತಿಯೂ ಬಹುಕಾಲ ಇತ್ತು. ನಮ್ಮ ಹಿರಿಯರು ಇನ್ನೂ ಅದನ್ನು ನೆನೆಯುತ್ತಾರೆ. ಕರ್ನಾಟಕದಲ್ಲಿ 1979ರಲ್ಲಿ ಅದು ರದ್ದಾಯಿತು. ಎಲ್ಲ ವಯಸ್ಕರಿಗೂ ಮತ ಸಿಕ್ಕಿದ್ದು ಸ್ವಾತಂತ್ರ್ಯದ ಮೇಲೆ. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿ ನಗರಸಭೆಗಳಿಗೆ ಸಂವಿಧಾನದ ಆಸರೆ ಕೊಟ್ಟಿತು, ಮಹಿಳೆಯರಿಗೆ ಮೂರನೇ ಒಂದು ಸ್ಥಾನ ಮೀಸಲಿಟ್ಟಿತು.

ಆದರೂ ಕಾಗದದಲ್ಲಿ ಇರುವುದೆಲ್ಲ ಬೀದಿಗೆ ಬರುವುದಿಲ್ಲ. 2018ರ ಆಗಸ್ಟ್ ಕೊನೆಗೆ ಕಾರವಾರ ನಗರಸಭೆಯ 31 ವಾರ್ಡುಗಳಿಗೂ ಅಂಕೋಲಾ ಪುರಸಭೆಯ 23 ವಾರ್ಡುಗಳಿಗೂ ಮತದಾನವಾಯಿತು. ಗೆದ್ದವರು ಗೆದ್ದರು. ಆದರೆ ಅಧ್ಯಕ್ಷ ಸ್ಥಾನದ ಮೀಸಲಾತಿಯ ವಿವಾದ ನ್ಯಾಯಾಲಯ ಹತ್ತಿದ್ದರಿಂದ ರಾಜ್ಯದ ಹೆಚ್ಚಿನ ಪಟ್ಟಣಗಳಲ್ಲಿ 2020ರ ಕೊನೆಯವರೆಗೂ ಅಧ್ಯಕ್ಷರೇ ಇರಲಿಲ್ಲ, ಅಧಿಕಾರಿಗಳೇ ಆಡಳಿತ ನಡೆಸಿದರು. ಆ ಎರಡು ವರ್ಷ ನಮ್ಮಲ್ಲಿ ಎಷ್ಟು ಮಂದಿ ಅದನ್ನು ಗಮನಿಸಿದ್ದೆವು? ದೆಹಲಿಯ ರಾಜಕೀಯದ ಬಗ್ಗೆ ಚಹಾ ಅಂಗಡಿಯಲ್ಲಿ ಗಂಟೆಗಟ್ಟಲೆ ಮಾತನಾಡುತ್ತೇವೆ. ನಮ್ಮ ವಾರ್ಡಿನ ಚರಂಡಿಯ ಬಗ್ಗೆ ಯಾರನ್ನು ಕೇಳಬೇಕೆಂಬುದೇ ಗೊತ್ತಿರುವುದಿಲ್ಲ.

ಅಂಕೋಲೆಯ ಒಂದು ಪೊಟ್ಟಣ ಉಪ್ಪು

ಈಗ ಅಂಕೋಲೆಗೆ ಬರೋಣ. ಕೊಳ್ಳುವುದು, ಮಾರುವುದು, ಬಿಡುವುದು ಇವೆಲ್ಲ ರಾಜಕೀಯವೂ ಹೌದು, ನೈತಿಕ ಪ್ರಶ್ನೆಯೂ ಹೌದು ಎಂದು ಇಡೀ ಕರ್ನಾಟಕಕ್ಕೆ ತೋರಿಸಿದ ಊರು ಅದು. 1930ರ ಏಪ್ರಿಲ್ 13ರಂದು ಅಂಕೋಲೆಯ ಕಡಲ ತೀರದಲ್ಲಿ ಎಂ.ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಉಪ್ಪಿನ ಕಾಯ್ದೆ ಮುರಿಯಲಾಯಿತು. ತಯಾರಾದ ಉಪ್ಪನ್ನು ಹರಾಜು ಹಾಕಿದರು. ಮೊದಲ ಪೊಟ್ಟಣ 30 ರೂಪಾಯಿಗೆ ಹೋಯಿತು. ಆ ಕಾಲದ 30 ರೂಪಾಯಿ ಎಂದರೆ ಒಬ್ಬ ಕೂಲಿಯವನ ಎಷ್ಟೋ ವಾರಗಳ ದುಡಿಮೆ. ಕೊಂಡವರು ಕೊಟ್ಟದ್ದು ಉಪ್ಪಿನ ಬೆಲೆಯಲ್ಲ. ಅನ್ಯಾಯದ ಕಾಯ್ದೆಯ ಕೆಳಗೆ ವ್ಯಾಪಾರ ಮಾಡುವುದಿಲ್ಲ ಎಂಬ ಮಾತಿನ ಬೆಲೆ.

ಆಮೇಲೆ ಕರನಿರಾಕರಣೆಯ ಚಳವಳಿ ನಡೆಯಿತು. ಅಂಕೋಲೆ, ಸಿದ್ದಾಪುರದ ರೈತರು ಭೂಕಂದಾಯ ಕಟ್ಟಲಿಲ್ಲ. ಸರ್ಕಾರ ಜಮೀನು, ಪಾತ್ರೆ, ಜಾನುವಾರು ಜಪ್ತಿ ಮಾಡಿ ಹರಾಜಿಗಿಟ್ಟಿತು. ಅಂಕೋಲೆಗೆ ಕರ್ನಾಟಕದ ಬಾರ್ಡೋಲಿ ಎಂಬ ಹೆಸರು ಬಂದದ್ದು ಆಗ. ಜಪ್ತಾದ ಆಸ್ತಿ ಕೊಳ್ಳಲು ಹೆಚ್ಚಿನವರು ಹಿಂಜರಿದರು. ಕೊಂಡವರ ಮನೆಯ ಮುಂದೆ ಸಿದ್ದಾಪುರದ ಕಡೆ ಹೆಂಗಸರು ಉಪವಾಸ ಕುಳಿತರು. ಮುಂದೆ ಮುಂಬಯಿ ಪ್ರಾಂತದಲ್ಲಿ ಕಾಂಗ್ರೆಸ್ ಸರ್ಕಾರ ಬಂದಾಗ ಆ ಜಮೀನುಗಳು ಮರಳಿ ಸಿಕ್ಕಿದವು. ಸರ್ಕಾರಿ ಹರಾಜಿನಲ್ಲಿ ಕೊಂಡದ್ದು ಕಾನೂನಿನ ಪ್ರಕಾರ ತಪ್ಪಾಗಿರಲಿಲ್ಲ. ಆದರೂ ಅಕ್ಷರ ಬಾರದ ಹಳ್ಳಿಯ ಹೆಂಗಸರು ಅದು ತಿನ್ನಬಾರದ ಅನ್ನ ಎಂದರು. ಕಾಗದ ಸರಿ ಇದ್ದ ಮಾತ್ರಕ್ಕೆ ಸಂಪಾದನೆ ಶುದ್ಧವಾಗುವುದಿಲ್ಲ ಎಂಬ ವಿವೇಕ ಈ ಮಣ್ಣಿನಲ್ಲಿಯೇ ಇತ್ತು. ಹಲಾಲ್, ಹರಾಮ್ ಎಂಬ ಮಾತನ್ನು ಕೇಳಿದಾಗ ನಮ್ಮ ನೆರೆಯವರಿಗೆ ಅದು ಪರಕೀಯವಾಗಿ ಕಾಣಬೇಕಿಲ್ಲ.

ಅದೇ ಅಂಕೋಲೆ ತಾಲೂಕಿನ ಅಲಗೇರಿಯ ದಿನಕರ ದೇಸಾಯಿಯವರು ಮುಂದೆ ಗೇಣಿದಾರರ ಪರ ನಿಂತರು. ಅದಕ್ಕಾಗಿ ಬ್ರಿಟಿಷ್ ಸರ್ಕಾರ ಅವರನ್ನು ಜಿಲ್ಲೆಯಿಂದಲೇ ಗಡೀಪಾರು ಮಾಡಿತು. ಹಿಂದಿರುಗಿದ ಅವರು 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ ಊರೂರಿಗೆ ಶಾಲೆ ತಂದರು. ಇಂದು ಪೇಟೆಯಲ್ಲಿ ಅಂಗಡಿ ನಡೆಸುವ ಎಷ್ಟೋ ಮುಸ್ಲಿಮ್ ಮನೆಗಳ ಮಕ್ಕಳೂ ಆ ಶಾಲೆಗಳಲ್ಲಿ ಓದಿದವರೇ.

ಯಾರು ಯಾರನ್ನು ಎಬ್ಬಿಸುತ್ತಾರೆ

ಸ್ವಾತಂತ್ರ್ಯದ ಮೇಲೂ ಈ ಪೇಟೆ ಯಾರದೆಂಬ ಪ್ರಶ್ನೆ ಮತ್ತೆ ಮತ್ತೆ ಎದ್ದಿದೆ. 1956ರ ನವೆಂಬರ್ 1ರಂದು ಜಿಲ್ಲೆ ಮುಂಬಯಿಯಿಂದ ಮೈಸೂರು ರಾಜ್ಯಕ್ಕೆ ಬಂತು. ಮಹಾರಾಷ್ಟ್ರ ಕಾರವಾರ, ಸೂಪಾ, ಹಳಿಯಾಳಗಳನ್ನು ಕೇಳಿತು. 1967ರ ಮಹಾಜನ್ ವರದಿ ಕಾರವಾರ ಇಲ್ಲಿಯೇ ಇರಲಿ ಎಂದಿತು. 2022ರಲ್ಲಿ ಕಾರವಾರದ ಬೀದಿಯ ನಾಮಫಲಕಗಳಲ್ಲಿ ಕನ್ನಡದ ಜೊತೆ ದೇವನಾಗರಿ ಲಿಪಿಯೂ ಇರಬೇಕೇ ಎಂದು ಮತ್ತೆ ಗಲಾಟೆಯಾಯಿತು. ಆದರೆ ಭಾನುವಾರದ ಸಂತೆಗೆ ಹೋಗಿ ನೋಡಿ. ಘಟ್ಟದ ಮೇಲಿನಿಂದ ಬಂದವನು ಕನ್ನಡದಲ್ಲಿ ಈರುಳ್ಳಿ ಬೆಲೆ ಹೇಳುತ್ತಾನೆ, ಗಿರಾಕಿ ಕೊಂಕಣಿಯಲ್ಲಿ ಚೌಕಾಸಿ ಮಾಡುತ್ತಾಳೆ, ಪಕ್ಕದವನು ದಖನಿಯಲ್ಲಿ ಚಿಲ್ಲರೆ ಕೇಳುತ್ತಾನೆ, ಗೋವೆಯಿಂದ ಬಂದವರು ಚೀಲ ತುಂಬಿಕೊಂಡು ಹೋಗುತ್ತಾರೆ. ಅಲ್ಲಿ ಫಲಕದ ಲಿಪಿಗಾಗಿ ಯಾರ ವ್ಯಾಪಾರವೂ ನಿಂತಿಲ್ಲ.

1986ರಲ್ಲಿ ಸೀಬರ್ಡ್ ನೌಕಾನೆಲೆಗೆ ಅಡಿಗಲ್ಲು ಬಿತ್ತು, 2005ರಲ್ಲಿ ಐ.ಎನ್.ಎಸ್. ಕದಂಬ ಕಾರ್ಯಾರಂಭ ಮಾಡಿತು. ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬಗಳು ಮನೆ, ಗದ್ದೆ, ಕಡಲ ತೀರ ಬಿಟ್ಟು ಎದ್ದವು. ಪರಿಹಾರಕ್ಕಾಗಿ ದಶಕಗಟ್ಟಲೆ ಕಚೇರಿ ಅಲೆದವು. 2020ರ ಜನವರಿಯಲ್ಲಿ ಬಂದರು ವಿಸ್ತರಣೆಯನ್ನು ವಿರೋಧಿಸಿ ಮೀನುಗಾರರು ಬೀದಿಗಿಳಿದಾಗ ಪೇಟೆಯ ಅಂಗಡಿಗಳು ಬಾಗಿಲು ಹಾಕಿ ಅವರ ಬೆನ್ನಿಗೆ ನಿಂತವು. ಮೀನು ಬರದಿದ್ದರೆ ಪೇಟೆಗೆ ಹಣವೂ ಬರುವುದಿಲ್ಲ ಎಂಬ ಲೆಕ್ಕ ಅದರಲ್ಲಿತ್ತು. ನೆರೆಯವರ ನೋವಿನ ಅರಿವೂ ಇತ್ತು.

ನಂತರ 2022 ಬಂತು. ಕರಾವಳಿಯ ಕೆಲವು ಜಾತ್ರೆಗಳಲ್ಲಿ ಮುಸ್ಲಿಮ್ ವ್ಯಾಪಾರಿಗಳು ಅಂಗಡಿ ಹಾಕಬಾರದು ಎಂಬ ಫಲಕಗಳು ಎದ್ದವು. ತಲೆಮಾರುಗಳಿಂದ ಬಳೆ, ಆಟಿಕೆ, ಮಿಠಾಯಿ ಮಾರಿದ ಬಡವರು ಕಟ್ಟಿದ ಗಂಟನ್ನು ಬಿಚ್ಚದೆ ಮನೆಗೆ ಮರಳಿದರು. ಆ ದಿನಗಳಲ್ಲಿ ನಮ್ಮ ಮಿಂಬರಿನಿಂದ ನಾವು ಸಬ್ರ್ ಬಗ್ಗೆ ಹೇಳಿದೆವು. ಬೀದಿ ಎಲ್ಲರದ್ದು, ಬಡವನ ಅನ್ನ ಕಿತ್ತುಕೊಳ್ಳುವುದು ಝುಲ್ಮ್ ಎಂದೂ ಹೇಳಿದೆವು. ಅದು ಸತ್ಯವೇ. ಆದರೆ ಅಂದು ನಮಗೆ ಸತ್ಯವಾಗಿದ್ದದ್ದು ಇಂದು ನಮ್ಮ ಅಂಗಡಿಯ ಮುಂದೆ ಕೂತ ಹಾಲಕ್ಕಿ ಅಜ್ಜಿಗೆ ಸತ್ಯವಲ್ಲವೇ? ನಮ್ಮನ್ನು ಎಬ್ಬಿಸಿದರೆ ಅನ್ಯಾಯ, ನಾವು ಎಬ್ಬಿಸಿದರೆ ವ್ಯವಹಾರ ಎಂದರೆ ಅಲ್ಲಾಹನ ತಕ್ಕಡಿಯಲ್ಲಿ ಅದು ನಿಲ್ಲುತ್ತದೆಯೇ? ಅಳೆದು ಕೊಳ್ಳುವಾಗ ತುಂಬಾ ತೆಗೆದುಕೊಂಡು ಅಳೆದು ಕೊಡುವಾಗ ಕಡಿಮೆ ಕೊಡುವವರಿಗೆ ಸೂರಃ ಮುತಫ್ಫಿಫೀನ್‌ನಲ್ಲಿ ವಿನಾಶದ ಎಚ್ಚರಿಕೆ ಇದೆ. ಅದು ಅಕ್ಕಿ ಸಕ್ಕರೆಗೆ ಮಾತ್ರ ಅನ್ವಯಿಸುವುದಿಲ್ಲ. ನ್ಯಾಯವನ್ನು ಅಳೆಯುವಾಗಲೂ ಎರಡು ಬಟ್ಟು ಇಟ್ಟುಕೊಳ್ಳಬಾರದು.

ಮದೀನಾದ ಪೇಟೆ

ಪ್ರವಾದಿ ಮುಹಮ್ಮದ್(ಸ) ಮದೀನಾಕ್ಕೆ ಬಂದ ಮೇಲೆ ಮಸೀದಿ ಕಟ್ಟಿದರು. ಮುಸ್ಲಿಮರಿಗಾಗಿ ಒಂದು ಪೇಟೆಯನ್ನೂ ಗೊತ್ತುಮಾಡಿದರು. ಅದು ಬಯಲು ಜಾಗ. ಅಲ್ಲಿ ಯಾರೂ ಶಾಶ್ವತ ಮಳಿಗೆ ಕಟ್ಟುವಂತಿರಲಿಲ್ಲ, ವ್ಯಾಪಾರಿಯಿಂದ ಸ್ಥಳದ ಕರ ವಸೂಲು ಮಾಡುವಂತಿರಲಿಲ್ಲ ಎಂದು ವರದಿಗಳು ತಿಳಿಸುತ್ತವೆ. ಮಸೀದಿಯಲ್ಲಿ ಮೊದಲು ಬಂದವನಿಗೆ ಮೊದಲ ಸ್ಥಳ ಹೇಗೋ ಪೇಟೆಯಲ್ಲಿಯೂ ಹಾಗೆಯೇ ಎಂಬ ಅರ್ಥದ ಮಾತು ಖಲೀಫಾ ಉಮರ್(ರ)ರದ್ದೆಂದು ದಾಖಲಾಗಿದೆ. ಕಾಲಾನಂತರ ಉಮಯ್ಯಾ ದೊರೆ ಹಿಶಾಮನ ಕಾಲದಲ್ಲಿ ಆ ಬಯಲಿನಲ್ಲಿ ದೊಡ್ಡ ಕಟ್ಟಡ ಎದ್ದಿತು, ವ್ಯಾಪಾರಿಗಳಿಂದ ಬಾಡಿಗೆ ಎತ್ತಿದರು. ಹಿಶಾಮ್ ಮರಣಹೊಂದಿದ ಸುದ್ದಿ ಬಂದಾಗ ಮದೀನಾದ ಜನ ಆ ಕಟ್ಟಡವನ್ನು ಕೆಡವಿ ಪೇಟೆಯನ್ನು ಮತ್ತೆ ಬಯಲು ಮಾಡಿದರು ಎಂದು ಚರಿತ್ರೆಕಾರರು ಬರೆದಿದ್ದಾರೆ. ಪೇಟೆಯ ಜಾಗದ ರಾಜಕೀಯ ಕಾರವಾರದ್ದು ಮಾತ್ರವಲ್ಲ!

ನಮ್ಮ ಕರಾವಳಿಯಲ್ಲಿ ಹೆಚ್ಚಿನವರು ಶಾಫಿಈ ಮದ್‌ಹಬ್‌ನವರು. ಇಮಾಮ್ ನವವೀ(ರಹ್)ಯವರ ಮಿನ್‌ಹಾಜ್‌ನಲ್ಲಿಯೂ ಅದರ ವ್ಯಾಖ್ಯಾನಗಳಲ್ಲಿಯೂ ಈ ವಿಷಯ ಸ್ಪಷ್ಟವಾಗಿದೆ. ಸಾರ್ವಜನಿಕ ದಾರಿ ಮೂಲತಃ ನಡೆಯುವವರಿಗಾಗಿ ಇದೆ. ನಡೆಯುವವರಿಗೆ ಇಕ್ಕಟ್ಟಾಗದಿದ್ದರೆ ಅಲ್ಲಿ ಕುಳಿತು ವ್ಯಾಪಾರ ಮಾಡಬಹುದು. ಮೊದಲು ಬಂದು ಕುಳಿತವರಿಗೆ ಹಕ್ಕು. ಮರಳಿ ಬರುವ ಉದ್ದೇಶದಿಂದ ಎದ್ದು ಹೋದರೆ ಆ ಹಕ್ಕು ಕಳೆಯುವುದಿಲ್ಲ, ಗಿರಾಕಿಗಳು ಬೇರೆಯವರಿಗೆ ರೂಢಿಯಾಗುವಷ್ಟು ದೀರ್ಘ ಕಾಲ ಬಾರದಿದ್ದರೆ ಮಾತ್ರ ಕಳೆಯುತ್ತದೆ. ನಿಗದಿತ ಕಾಲಕ್ಕೆ ಸೇರುವ ಸಂತೆಗಳನ್ನೂ ವ್ಯಾಖ್ಯಾನಕಾರರು ಇದರಲ್ಲಿ ಸೇರಿಸಿದ್ದಾರೆ. ದಾರಿಯನ್ನು ಮಾರುವಂತಿಲ್ಲ, ತನ್ನದೆಂದು ಬಾಡಿಗೆಗೆ ಕೊಡುವಂತಿಲ್ಲ.

ಆಶ್ಚರ್ಯವೆಂದರೆ, ನಮ್ಮ ದೇಶದ 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಬಹುಮಟ್ಟಿಗೆ ಇದೇ ದಾರಿಯಲ್ಲಿದೆ. ಬೀದಿ ವ್ಯಾಪಾರಿಗಳ ಸಮೀಕ್ಷೆ ನಡೆಸಿ ಪ್ರಮಾಣಪತ್ರ ಕೊಡಬೇಕು, ಅಲ್ಲಿಯವರೆಗೆ ಎಬ್ಬಿಸಬಾರದು. ಸ್ಥಳ ಬದಲಿಸಬೇಕಾದರೆ 30 ದಿನಗಳ ನೋಟಿಸ್ ಕೊಡಬೇಕು. ಹಾಳಾಗುವ ಸರಕನ್ನು ಜಪ್ತಿ ಮಾಡಿದರೆ ಅದೇ ದಿನ ಬಿಡಿಸಿ ಕೊಡಬೇಕು. ಪಟ್ಟಣ ಮಾರಾಟ ಸಮಿತಿಯಲ್ಲಿ ಕನಿಷ್ಠ ಶೇಕಡಾ 40 ಮಂದಿ ಬೀದಿ ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೇ ಒಂದು ಭಾಗ ಮಹಿಳೆಯರು. ಮುಂಬಯಿ ಸರ್ಕಾರದ ಕಾಲದಲ್ಲಿ ಮತವಿಲ್ಲದ ಆ ಬುಟ್ಟಿಯ ಹೆಂಗಸಿಗೆ ಈಗ ಕಾನೂನು ಕುರ್ಚಿ ಕೊಟ್ಟಿದೆ. ಅವಳನ್ನು ಆ ಕುರ್ಚಿಯವರೆಗೆ ಕರೆದೊಯ್ಯುವವರು ಬೇಕು.

ಆ ಹಣದ ವಿಷಯ

ಒಂದು ವಾರದ ಮೇಲೆ ಆ ಸಹೋದರರು ಬಂದರು. ಫುಟ್‌ಪಾತಿನ ಜಾಗಕ್ಕೆಂದು ಪಡೆಯುವ ಹಣ ನಿಮಗೆ ಹಲಾಲ್ ಅಲ್ಲ, ಆ ಜಾಗ ನಿಮ್ಮದಲ್ಲ, ಪಡೆದದ್ದನ್ನು ಅಜ್ಜಿಗೆ ಮರಳಿಸಬೇಕು ಎಂದೆವು. ಅವರ ಮುಖ ಬಾಡಿತು. ಆದರೂ ವಾದಿಸಲಿಲ್ಲ. "ನೀವೂ ಬನ್ನಿ, ನನಗೆ ಹೇಳಲು ನಾಚಿಕೆ" ಎಂದರು. ಅಸ್ರ್ ನಂತರ ಇಬ್ಬರೂ ಹೋದೆವು.

ಅಜ್ಜಿ ಕೊರಳ ತುಂಬ ಮಣಿಸರ ಹಾಕಿಕೊಂಡು ಹರಿವೆ, ಬಸಳೆಯ ಕಟ್ಟಿಗೆ ನೀರು ಚಿಮುಕಿಸುತ್ತಿದ್ದಳು. ಅಂಗಡಿಕಾರರು, "ನಾಳೆಯಿಂದ ದುಡ್ಡು ಕೊಡಬೇಡ, ಕೊಟ್ಟದ್ದನ್ನೂ ವಾಪಸು ಕೊಡುತ್ತೇನೆ" ಎಂದರು. ಅವಳಿಗೆ ಸಂತೋಷವಾಗುತ್ತದೆ ಎಂದುಕೊಂಡಿದ್ದೆವು. ಅವಳು ಗಾಬರಿಯಾದಳು. "ಯಾಕೆ ಸಾಬರೇ, ನನ್ನನ್ನು ಎಬ್ಬಿಸುತ್ತೀರಾ? ರಾತ್ರಿ ಬುಟ್ಟಿ, ತಕ್ಕಡಿ ಎಲ್ಲಿ ಇಡಲಿ? ನೀರು ಯಾರು ಕೊಡುತ್ತಾರೆ?" ಎಂದು ಕೇಳಿದಳು.

ಆಗ ನಮಗೆ ಅರ್ಥವಾಯಿತು. ಅವಳ ಲೆಕ್ಕದಲ್ಲಿ ಆ ಐವತ್ತು ರೂಪಾಯಿಯಲ್ಲಿ ಸಾಮಾನು ಇಡುವ ಮೂಲೆ, ನಲ್ಲಿಯ ನೀರು, ಮಳೆ ಬಂದಾಗ ಒಳಗೆ ನಿಲ್ಲುವ ಅವಕಾಶ ಎಲ್ಲವೂ ಸೇರಿದ್ದವು. ಕಿತಾಬು ಓದಿ ಬಂದ ನಾವು ಅವಳನ್ನು ಒಂದು ಮಾತೂ ಕೇಳಿರಲಿಲ್ಲ. ಅಂಗಡಿಯೊಳಗಿನ ಮೂಲೆ ಅಂಗಡಿಕಾರರದ್ದು, ಅದಕ್ಕೆ ಬಾಡಿಗೆ ಪಡೆಯುವುದು ಧರ್ಮಸಮ್ಮತ. ಬೀದಿ ಅವರದ್ದಲ್ಲ. ಆದ್ದರಿಂದ ಎರಡನ್ನೂ ಬೇರೆ ಮಾಡಿದೆವು. ಸಾಮಾನು ಇಡಲು ತಿಂಗಳಿಗೆ ಒಂದು ಸಣ್ಣ ಮೊತ್ತ, ಅವಳು ಒಪ್ಪಿದಷ್ಟು. ಜಾಗಕ್ಕೆ ಏನೂ ಇಲ್ಲ. ನೀರಿಗೂ ಏನೂ ಇಲ್ಲ, ಬಾಯಾರಿದವರಿಗೆ ನೀರು ಕೊಡುವುದು ಸದಕಾ. ಹಿಂದಿನದ್ದರಲ್ಲಿ ಹೆಚ್ಚಾಗಿ ಪಡೆದದ್ದನ್ನು ಕಂತಿನಲ್ಲಿ ಮರಳಿಸುವುದು. ಅಂಗಡಿಯ ಬಾಗಿಲಿಗೆ ಅಡ್ಡವಾಗದಂತೆ ಬುಟ್ಟಿಯನ್ನು ಎರಡು ಮೊಳ ಸರಿಸಲು ಅವಳೂ ಒಪ್ಪಿದಳು. ಮಗನಿಗೆ ಇನ್ನೂ ಪೂರ್ತಿ ಸಮಾಧಾನವಾಗಿಲ್ಲ. ವ್ಯಾಪಾರ ಕಡಿಮೆಯಾಗಿದೆ, ಜನ ಮೊಬೈಲಿನಲ್ಲಿ ತರಿಸಿಕೊಳ್ಳುತ್ತಾರೆ ಎಂಬ ಅವನ ಮಾತು ಸುಳ್ಳೂ ಅಲ್ಲ. ಆದರೆ ತರಕಾರಿಗೆಂದು ಬಂದವರೇ ತಿರುಗಿ ಅವನ ಅಂಗಡಿಗೂ ಹೊಗ್ಗುತ್ತಾರೆ ಎಂಬುದನ್ನು ಅವನು ಒಂದು ದಿನ ಕಂಡುಕೊಳ್ಳುತ್ತಾನೆ, ಇನ್‌ಶಾ ಅಲ್ಲಾಹ್.

ಸಹೋದರರೇ, 2024ರ ಜುಲೈ 16ರಂದು ಅಂಕೋಲೆ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿಯಿತು. ಹೆದ್ದಾರಿ ಬದಿಯಲ್ಲಿ ಚಹಾ ಅಂಗಡಿ ನಡೆಸುತ್ತಿದ್ದ ಕುಟುಂಬ ಕ್ಷಣಾರ್ಧದಲ್ಲಿ ಮಣ್ಣಾಯಿತು. ಆಗಸ್ಟ್ 7ರ ನಡುರಾತ್ರಿ ಕಾಳಿ ನದಿಯ ಹಳೆಯ ಸೇತುವೆ ಮುರಿದು ಬಿತ್ತು. ಒಂದೇ ತಿಂಗಳೊಳಗೆ ನಮ್ಮ ಪೇಟೆಯ ಎರಡೂ ದಿಕ್ಕಿನ ದಾರಿಗಳು ನಡುಗಿದವು. ಯಾರ ಅಂಗಡಿ, ಯಾರ ಜಾಗ, ಯಾರ ಬೀದಿ? ನಾವೆಲ್ಲರೂ ಸ್ವಲ್ಪ ಹೊತ್ತು ಬುಟ್ಟಿ ಇಟ್ಟು ಕೂತವರು. ಕರೆ ಬಂದಾಗ ಎದ್ದು ಹೋಗಬೇಕಾದವರು.

ಆದ್ದರಿಂದ ನಮ್ಮ ಜಮಾಅತಿನ ಅಂಗಡಿಕಾರರಲ್ಲಿ ನಾಲ್ಕು ವಿನಂತಿಗಳು. ಅಂಗಡಿಯ ಹಲಗೆ, ಬೋರ್ಡು, ಸಾಮಾನುಗಳನ್ನು ಫುಟ್‌ಪಾತಿನಿಂದ ಒಳಗೆ ತೆಗೆದುಕೊಳ್ಳಿ. ದಾರಿಯಿಂದ ತೊಂದರೆ ನಿವಾರಿಸುವುದು ಈಮಾನಿನ ಒಂದು ಶಾಖೆ. ಮುಂದೆ ಕೂತ ಬಡವರಿಂದ ಜಾಗದ ಹಣ ಪಡೆಯಬೇಡಿ. ಅವರಿಗೆ ಬೀದಿ ವ್ಯಾಪಾರಿಯ ಪ್ರಮಾಣಪತ್ರ ಇಲ್ಲದಿದ್ದರೆ ಅರ್ಜಿ ಬರೆದುಕೊಡಿ, ಅವರು ಯಾವ ಧರ್ಮದವರೆಂದು ನೋಡಬೇಡಿ. ನಗರಸಭೆ, ಪುರಸಭೆಯಲ್ಲಿ ಪೇಟೆಯ ವಿಷಯ ಬಂದಾಗ ನಿಮ್ಮ ಅಂಗಡಿಗಾಗಿ ಮಾತ್ರ ಹೋಗದೆ ಇಡೀ ಬೀದಿಗಾಗಿ ಹೋಗಿ.

ಜುಮಾದ ಕರೆ ಬಂದಾಗ ವ್ಯಾಪಾರ ಬಿಟ್ಟು ಬನ್ನಿ, ನಮಾಜ್ ಮುಗಿದ ಮೇಲೆ ಭೂಮಿಯಲ್ಲಿ ಚದುರಿ ಅಲ್ಲಾಹನ ಅನುಗ್ರಹವನ್ನು ಅರಸಿರಿ ಎಂಬ ಅರ್ಥದ ಆಜ್ಞೆ ಸೂರಃ ಜುಮುಅಃದಲ್ಲಿದೆ. ಮಸೀದಿಯ ಬಾಗಿಲಿನಿಂದ ಪೇಟೆಗೆ ಹೋಗುವ ಆ ನಾಲ್ಕು ಹೆಜ್ಜೆಯ ದಾರಿಯಲ್ಲಿಯೇ ನಮ್ಮ ನಮಾಜಿನ ಪರೀಕ್ಷೆ ಇದೆ. ಬಹಳ ವರ್ಷಗಳ ಹಿಂದೆ ಗೇಟಿನ ಬದಿಯಲ್ಲಿ ನಾವು ಆ ಪರೀಕ್ಷೆಯಲ್ಲಿ ಸೋತಿದ್ದೆವು. ಆ ಮೀನಿನ ಹೆಂಗಸನ್ನು ಆಮೇಲೆ ಹುಡುಕಿದೆವು, ಸಿಗಲಿಲ್ಲ. ಅವಳ ಹಕ್ಕು ನಮ್ಮ ಮೇಲಿದೆ.

ಅಲ್ಲಾಹನು ನಮ್ಮ ಸಂಪಾದನೆಯನ್ನು ಶುದ್ಧಗೊಳಿಸಲಿ, ನಮ್ಮ ಪೇಟೆಯಲ್ಲಿ ಬರಕತ್ ನೀಡಲಿ, ನಮ್ಮ ಕೈಯಿಂದ ಎದ್ದು ಹೋದವರ ಹೃದಯದಲ್ಲಿ ನಮಗಾಗಿ ಕ್ಷಮೆ ಇಡಲಿ. ಆಮೀನ್.